ಅಜ್ಜಿಯ ಮೂಗುಬೊಟ್ಟು ಬಲಕ್ಕೆ ಹೋಗಿದ್ದು ಹೇಗೆ?

ನಿನ್ನೆ ನಿಟ್ಟುವಳ್ಳಿಯಲ್ಲಿ ಚಿಕ್ಕಪ್ಪನ ಮಗನ ಗೃಹಪ್ರವೇಶ. ಹೋಳಿಗೆ ಊಟ ಆಯ್ತು. ಸಂಜೆ ಮಂಡಕ್ಕಿ, ಮಿರ್ಚಿ ಇದೆ, ಇರು ಅಂದರು. ಇದ್ದೆ. ಅದೇ ತಪ್ಪಾಯಿತು.

ಹಾಲ್ ಗೋಡೆ ಮೇಲೆ ಎರಡಡಿ ಫ್ರೇಮು. ಗಂಧದ ಹಾರ. ಒಳಗೆ ನಮ್ಮಜ್ಜ, ನಮ್ಮಜ್ಜಿ ಜೊತೆಯಾಗಿ ಕೂತಿದ್ದಾರೆ. ಬದುಕಿದ್ದಾಗ ಅವರಿಬ್ಬರೂ ಒಟ್ಟಿಗೆ ಒಂದೇ ಒಂದು ಫೋಟೊ ತೆಗೆಸಿಕೊಂಡವರಲ್ಲ. ತಮ್ಮನ ಮಗ ಎರಡು ಬೇರೆ ಬೇರೆ ಫೋಟೊ ಜೋಡಿಸಿದ್ದಾನೆ.

"ದೊಡ್ಡಪ್ಪ, ಹೆಂಗೈತಿ?" ಅಂದ.

ಅಜ್ಜನ ರುಮಾಲಿನ ಅಂಚು ಇಲಿ ಕಡಿದ ಹಾಗಿತ್ತು. ಹೋಗಲಿ, ಬೇಡದ್ದನ್ನು ಅಳಿಸದೆ ಮರೆಮಾಡುವ ಮಾಸ್ಕ್ ಅಂತಿದೆ, ಅಂಚಿಗೆ ಅದನ್ನು ಹಾಕಿ ಸರಿ ಮಾಡಬಹುದು. ಆದರೆ ಅಜ್ಜಿಯ ಮೂಗುಬೊಟ್ಟು ಬಲಗಡೆ ಇದೆ! ಜೀವನಪೂರ್ತಿ ಎಡಗಡೆ ಇದ್ದದ್ದು. ಯಾಕಪ್ಪಾ ಅಂದರೆ, "ಇಬ್ಬರೂ ಒಂದೇ ಕಡೆ ನೋಡ್ತಿದ್ರು ದೊಡ್ಡಪ್ಪ, ಎದುರುಬದುರು ಇರ್ಲಿ ಅಂತ ಅಜ್ಜೀನ ತಿರುಗಿಸ್ದೆ."

ತಿರುಗಿಸ್ದೆ! ದೋಸೆಯೇನೋ ಅದು, ತಿರುವಿ ಹಾಕೋಕೆ?

ಕನ್ನಡಿಯಲ್ಲಿ ಕಂಡ ಹಾಗೆ ಫೋಟೊ ತಿರುಗಿಸಿದರೆ ಮುಖ ಮಾತ್ರ ತಿರುಗುವುದಿಲ್ಲ. ಮಚ್ಚೆ, ಬೈತಲೆ, ಸೆರಗು, ಅಂಗಿ ಜೇಬು ಎಲ್ಲ ಆ ಕಡೆಯಿಂದ ಈ ಕಡೆಗೆ ಬರುತ್ತವೆ. ಬೆಳಕೂ ಅಷ್ಟೇ. ಎರಡೂ ಫೋಟೊದಲ್ಲಿ ಬೆಳಕು ಬಿದ್ದಿದ್ದು ಎಡಗಡೆಯಿಂದ. ಜೋಡಿಸೋಕೆ ಅದಕ್ಕಿಂತ ಅದೃಷ್ಟ ಬೇಕಾ? ಈಗ ಅಜ್ಜನ ಬಲಗೆನ್ನೆ ಕಪ್ಪಾದರೆ, ಅಜ್ಜಿಯ ಎಡಗೆನ್ನೆ ಕಪ್ಪು. ಒಂದೇ ಬೆಂಚು, ಎರಡು ಸೂರ್ಯ.

ನನ್ನವಳು ಪಕ್ಕದಲ್ಲಿ ತಿವಿದಳು. "ನೆನಪಿಗೆ ಅಷ್ಟೇ ಅಲ್ವಾ? ಎಲ್ಲರೂ ನಿಮ್ಮ ಹಾಗೆ ಭೂತಗನ್ನಡಿ ಹಿಡಿದು ನೋಡ್ತಾರಾ?" ಸರಿ, ನೋಡಲ್ಲ. ಆದರೆ ಅಜ್ಜಿಯನ್ನು ಕಂಡೇ ಇರದ ಮರಿಮಕ್ಕಳಿಗೆ ಇನ್ನು ಇದೇ ಅಜ್ಜಿ. ಬಲಗಡೆ ಮೂಗುಬೊಟ್ಟಿನ ಯಾರೋ ಒಬ್ಬಾಕೆ.

ಮೊಬೈಲಲ್ಲಿ ಎರಡೇ ನಿಮಿಷಕ್ಕೆ ಆಯ್ತಂತೆ. ಅದೂ ಹೆಮ್ಮೆ. 1858ರಲ್ಲಿ ಇಂಗ್ಲೆಂಡಿನ ಹೆನ್ರಿ ಪೀಚ್ ರಾಬಿನ್ಸನ್ ಐದು ನೆಗೆಟಿವ್ ಸೇರಿಸಿ ಒಂದು ಚಿತ್ರ ಮಾಡಿದ್ದ. ಕಂಪ್ಯೂಟರ್ ಇಲ್ಲ, ಅನ್‌ಡೂ ಇಲ್ಲ. ನಮ್ಮ ಹುಡುಗನಿಗೆ ಎರಡೇ ಫೋಟೊ, ಅದಕ್ಕೇ ಈ ಗತಿ.

ಇಷ್ಟು ಕೂಗಾಡುವ ನಾನೇನು ಸಾಚಾ ಅಲ್ಲ. ಸ್ಟುಡಿಯೊದಲ್ಲಿದ್ದಾಗ ಒಬ್ಬ ಅಮ್ಮ ಗಂಡನ ಸ್ಟ್ಯಾಂಪ್ ಸೈಜ್ ಫೋಟೊ ತಂದಿದ್ದರು. ಪಕ್ಕದಲ್ಲಿ ತನ್ನನ್ನು ಕೂರಿಸಿ ದೊಡ್ಡದು ಮಾಡಿಕೊಡು ಅಂದರು. ತಲೆ ಗಂಡನದು, ಮೈ ನಮ್ಮ ಕಂಪ್ಯೂಟರಲ್ಲಿದ್ದ ಯಾವನದೋ. ಬೆಳಕು, ಬಣ್ಣ, ಕುತ್ತಿಗೆ ನೆರಳು ಎಲ್ಲ ಹೊಂದಿಸಿದ್ದೆ. ಒಳ್ಳೇ ಗರ್ವ ನನಗೆ. ಆಕೆ ಬಂದು ಸುಮ್ನೆ ನೋಡುತ್ತಾ ನಿಂತರು. ಆಮೇಲೆ, "ನಮ್ಮನೆಯವರ ಬೆರಳು ಕಾಟನ್ ಮಿಲ್ಲಲ್ಲಿ ಹೋಗಿತ್ತಪ್ಪಾ. ಇದು ಯಾರ ಕೈ?" ಅಂದರು.

ಎದೆಯವರೆಗೆ ಕತ್ತರಿಸಿ ಇನ್ನೊಂದು ಪ್ರಿಂಟ್ ಕೊಟ್ಟೆ. ದುಡ್ಡು ಪೂರ್ತಿ ತಗೊಂಡೆ. ಅದು ಇವತ್ತಿಗೂ ಚುಚ್ಚುತ್ತದೆ.

ಹಾಗಾಗಿ ಹುಡುಗನಿಗೆ ಜಾಸ್ತಿ ಬೈಯಲಿಲ್ಲ. ಲೇಯರ್ ಇರುವ ಫೈಲ್, ಅಂದರೆ ಎರಡೂ ಫೋಟೊ ಬೇರೆ ಬೇರೆ ಪದರಗಳಲ್ಲಿ ಉಳಿದಿರೋದು, ಕೊಡು, ನಾನೇ ಸರಿ ಮಾಡ್ತೀನಿ ಅಂದೆ. ಇಲ್ಲವಂತೆ. ಬರೀ ಜೆಪೆಗ್, ಎಲ್ಲ ಒಂದೇ ಚಿತ್ರವಾಗಿ ಬೆರೆತದ್ದು. ಫೋಟೊಶಾಪಿಗೆ ಲೇಯರ್ ಬಂದದ್ದು 1994ರಲ್ಲಿ. ಅದಕ್ಕೂ ಮೊದಲು ಅಂಟಿಸಿದ ತುಂಡಿನ ಆಯ್ಕೆ (ಸೆಲೆಕ್ಷನ್) ಬಿಟ್ಟರೆ ಅದು ಕೆಳಗಿನ ಚಿತ್ರಕ್ಕೇ ಸೇರಿಹೋಗುತ್ತಿತ್ತು. ಈ ಹುಡುಗ ಇನ್ನೂ ಅದಕ್ಕೂ ಹಿಂದೆ ಇದ್ದಾನೆ.

ಅಜ್ಜಿ ಪಡಸಾಲೆ ಬಾಗಿಲಲ್ಲಿ ಕೂತ ಆ ಹಳೆಯ ಫೋಟೊ ನಮ್ಮ ಕಡೆಯವರಲ್ಲಿ ಯಾರ ಹತ್ತಿರವಾದರೂ ಇದ್ದರೆ ಸ್ಕ್ಯಾನ್ ಮಾಡಿ ಕಳಿಸಿ. ವಾಟ್ಸಾಪಲ್ಲಿ ಆದರೆ ಡಾಕ್ಯುಮೆಂಟ್ ಅಂತ ಹಾಕಿ, ಇಲ್ಲದಿದ್ದರೆ ಅದು ಕುಗ್ಗಿಸಿಬಿಡುತ್ತದೆ. ಮತ್ತೆ ಕೈ ಮುಗಿದು ಕೇಳ್ತೀನಿ, ತಿರುಗಿಸಬೇಡಿ.