ಕಬ್ಬು ಕಡಿದ ಮೇಲೆ ಹೇಳಿ

ಮಂಡ್ಯ ಕಡೆ ಗದ್ದೆ ಬದುಗಳಿಗೆ ಕಾಲಿದೆ. ನಂಬಿಕೆ ಬರದಿದ್ದರೆ ವಿ.ಸಿ. ನಾಲೆಗೆ, ಅಂದರೆ ವಿಶ್ವೇಶ್ವರಯ್ಯ ನಾಲೆಗೆ, ನೀರು ಬಿಟ್ಟ ಮೇಲೆ ಒಂದು ಸುತ್ತು ಹೋಗಿ ನೋಡಿ. ಎಲ್ಲರೂ ಗುದ್ದಲಿ ಹಿಡಿದು ಬದು ಕೆತ್ತುತ್ತಿರುತ್ತಾರೆ. ಹುಲ್ಲು ತೆಗೆಯೋಕೆ, ಏಡಿ ಬಿಲ ಮುಚ್ಚೋಕೆ ಅಂತ ಹೇಳೋದು. ನಮ್ಮ ಕಡೆ ಕೆತ್ತಿದ ಮಣ್ಣನ್ನು ಆ ಕಡೆಗೆ ಮೆತ್ತಿದರೆ ಬದು ಒಂದು ಬೆರಳು ಆ ಕಡೆ ಹೋಯಿತು. ಪಕ್ಕದವನೂ ಅದನ್ನೇ ಮಾಡುತ್ತಾನೆ. ಇಬ್ಬರೂ ಒಂದೇ ಶ್ರದ್ಧೆಯಿಂದ ಕೆತ್ತಿದರೆ ಬದು ಇದ್ದಲ್ಲೇ ಇದ್ದು ಸಣ್ಣಗಾಗುತ್ತದೆ, ಅಷ್ಟೆ. ಒಬ್ಬರು ಊರು ಬಿಟ್ಟು ಮೈಸೂರು ಸೇರಿದಾಗ ಮಾತ್ರ ಅದು ನಡೆಯೋಕೆ ಶುರು ಮಾಡುತ್ತದೆ.

ನಾವು ಮೈಸೂರು ಸೇರಿದವರು.

ಇದನ್ನು ಮೊದಲು ಕಂಡುಹಿಡಿದವಳು ಅವ್ವ. "ತೆಂಗಿನಮರ ಬದಿನ ಮ್ಯಾಲಿತ್ತು. ಈಗ ಅವ್ರ ಗದ್ದೆ ಒಳಗೆ ನಿಂತದೆ. ಮರ ಏನ್ ಎದ್ದು ಹೋಯ್ತದ?" ಅಂದಳು. ಪಕ್ಕದ ಗದ್ದೆ ಅಣ್ಣನನ್ನು ಕೇಳಿದರೆ ಅವನಿಗೆ ಬೇಸರವೇ ಇಲ್ಲ. "ಅಳೆಸ್ಬುಡು ಕಣಪ್ಪ, ನಾನೇನ್ ಬ್ಯಾಡ ಅಂದ್ನಾ? ನಂದೇ ನಿಮ್ ಕಡೀಕೆ ಸೇರ್ಕಂಡದೆ." ಅಳತೆ ಮಾಡಿಸಿ ಅನ್ನುವವರೆಲ್ಲ ಇದೇ ಧೈರ್ಯದಲ್ಲಿ ಅನ್ನೋದು. ತನ್ನ ಜಮೀನು ಜಾಸ್ತಿ ಇದೆ ಅಂತ ಅನುಮಾನ ಬಂದು ಸರ್ವೆಗೆ ಅರ್ಜಿ ಹಾಕಿದವನನ್ನು ನಾನಂತೂ ಕಂಡಿಲ್ಲ.

ಸರಿ, ಅರ್ಜಿ ಕೊಡಲು ಹೋದೆ. "ಪೋಡಿನಾ, 11ಇ ನಕ್ಷೆನಾ, ಹದ್ದುಬಸ್ತಾ?" ಅಂತ ಕೇಳಿದರು. ಹೋಟೆಲಿನಲ್ಲಿ ಸೆಟ್ಟಾ, ಖಾಲಿನಾ, ಮಸಾಲೆನಾ ಅಂತ ಕೇಳುವ ರಾಗ. ಒಂದೇ ಪಹಣಿಯಲ್ಲಿ ನಾಲ್ಕು ಜನ ಜಂಟಿಯಾಗಿ ಕೂತಿದ್ದರೆ ಬೇರೆ ಮಾಡೋದು ಪೋಡಿ. ಜಮೀನಿನ ಒಂದು ಭಾಗ ಮಾರಬೇಕಾದರೆ ನೋಂದಣಿಗೆ ಮೊದಲೇ 11ಇ ನಕ್ಷೆ ಆಗಬೇಕು. ನನ್ನದು ಎರಡೂ ಅಲ್ಲ. "ಬದು ಎಲ್ಲಿದೆ ಅಂತ ಗೊತ್ತಾಗಬೇಕು ಸಾರ್" ಅಂದೆ. "ಹದ್ದುಬಸ್ತು" ಅಂತ ಬರೆದುಕೊಂಡು ಶುಲ್ಕ ಕಟ್ಟಿಸಿಕೊಂಡರು. ಅರ್ಜಿ ಸರ್ವೆ ಇಲಾಖೆಯ ಮೋಜಿಣಿ ತಂತ್ರಾಂಶದೊಳಗೆ ಹೋಯಿತು. ಅಲ್ಲಿಂದ ಸರದಿ ಪ್ರಕಾರ ಒಬ್ಬ ಸರ್ವೆಯರ್ ಹೆಸರಿಗೆ ಬೀಳುತ್ತದೆ.

ಬಿತ್ತು. ಸರ್ವೆಯರ್ ಫೋನ್ ಮಾಡಿ ಮೊದಲು ಕೇಳಿದ್ದು ಸರ್ವೆ ನಂಬರ್ ಅಲ್ಲ. "ಪಕ್ಕದಲ್ಲಿ ಏನು ಬೆಳೆ?"

"ಕಬ್ಬು."

"ಕಬ್ಬು ಕಡಿದ ಮೇಲೆ ಹೇಳಿ."

ಅವರದೇನೂ ತಪ್ಪಿಲ್ಲ. ಆಳೆತ್ತರದ ಕಬ್ಬಿನೊಳಗೆ ಸರಪಳಿ ಎಳೆಯೋಕೆ ಆಗಲ್ಲ, ಆ ತುದಿಯ ಬಾವುಟ ಈ ತುದಿಗೆ ಕಾಣಲ್ಲ. ಆದರೆ ಕಬ್ಬು ಬೆಳೆಯೋಕೆ ಹತ್ತಿರ ಹತ್ತಿರ ಒಂದು ವರ್ಷ ಬೇಕು. ಬೆಳೆದ ಮೇಲೆ ಕಡಿಯೋಕೆ ಕಾರ್ಖಾನೆಯವರ ಒಪ್ಪಿಗೆ ಬರಬೇಕು. ಒಪ್ಪಿಗೆ ಬಂದ ಮೇಲೆ ಕಡಿಯುವ ಆಳುಗಳು ಬರಬೇಕು. ಆಳು ಬಂದ ಮೇಲೆ ಲಾರಿ ಬರಬೇಕು. ನನ್ನ ಅರ್ಜಿ ಕಚೇರಿಯಲ್ಲಿ ಬಾಕಿ ಉಳಿದಿರಲಿಲ್ಲ ಸ್ವಾಮಿ, ಸಕ್ಕರೆ ಕಾರ್ಖಾನೆಯ ಸರತಿಯಲ್ಲಿ ನಿಂತಿತ್ತು. ಕಡಿದಾದ ಮೇಲೂ ನಿರಾಳ ಅಂತಿಲ್ಲ. ಅಣ್ಣ ಕೂಳೆ ಬಿಡುತ್ತಾನೆ, ಅದು ಚಿಗುರಿ ಎದ್ದು ನಿಲ್ಲುವಷ್ಟರಲ್ಲಿ ಅಳೆಸಿಕೊಳ್ಳಬೇಕು. ಮದುವೆ ಮುಹೂರ್ತಕ್ಕಾದರೂ ಇನ್ನೊಂದು ದಿನ ಸಿಗುತ್ತದೆ.

ಈ ನಡುವೆ ಅಕ್ಕನ ಮಗ ಫೋನಿನಲ್ಲಿ ದಿಶಾಂಕ್ ಆಪ್ ಹಾಕಿಕೊಂಡು ಬಂದ. ನಿಂತ ಜಾಗದ ಸರ್ವೆ ನಂಬರನ್ನು ಅದು ತೋರಿಸುತ್ತದೆ. ಸರ್ಕಾರದ್ದೇ ಆಪ್, ಯಾವ ನಂಬರ್ ಎಲ್ಲಿದೆ ಅಂತ ತಿಳಿಯೋಕೆ ಚೆನ್ನಾಗಿದೆ. ಬದು ಹುಡುಕೋಕೆ ಅಲ್ಲ. ಫೋನಿನ ಜಿಪಿಎಸ್ ನಾಲ್ಕಾರು ಮೀಟರ್ ಆಚೀಚೆ ಆಗುತ್ತದೆ, ನಮ್ಮ ಜಗಳ ಇರೋದು ಮೊಳದ ಲೆಕ್ಕದಲ್ಲಿ. ನಮ್ಮದೇ ಪಂಪ್‌ಸೆಟ್ ಮನೆ ಬಾಗಿಲಲ್ಲಿ ನಿಂತು, "ಮಾವ, ನೀವೀಗ ಅವರ ಜಮೀನಲ್ಲಿದ್ದೀರ" ಅಂದ. ಅಷ್ಟೂ ಅಣ್ಣನ ಕಿವಿಗೆ ಬಿತ್ತು. ಅವತ್ತಿನಿಂದ ಅವನಿಗೆ ಆ ಆಪ್ ಮೇಲೆ ಭಾರಿ ನಂಬಿಕೆ.

ಅಂತೂ ಕಬ್ಬು ಕಡಿದರು. ಬಾಜುದಾರರಿಗೆಲ್ಲ ನೋಟಿಸ್ ಹೋಯಿತು. ನೋಟಿಸ್ ಇಲ್ಲದವರೂ ಬಂದರು. ಸರ್ವೆಯರ್ ತಂದಿದ್ದ ಟಿಪ್ಪಣಿ ನಕಲನ್ನು, ಅಂದರೆ ಹಳೇ ಸರ್ವೆಯಲ್ಲಿ ಅಳತೆ ಬರೆದಿಟ್ಟ ನಕ್ಷೆಯ ಪ್ರತಿಯನ್ನು, ನಾನೂ ಇಣುಕಿ ನೋಡಿದೆ. ಹಳೇ ಮೈಸೂರಿನಲ್ಲಿ ಬಾಂಬೆ ಪದ್ಧತಿಯ ರೆವಿನ್ಯೂ ಸರ್ವೆ ಶುರುವಾಗಿದ್ದು 1863ರಲ್ಲಿ. ಆಗಿನ ಕ್ರಮದಲ್ಲಿ ಸರಪಳಿಗೆ 33 ಅಡಿ, ಅದಕ್ಕೆ 16 ಆಣೆ. ಸರಪಳಿ ಉದ್ದ, ಸರಪಳಿ ಅಗಲ ಇದ್ದರೆ ಒಂದು ಗುಂಟೆ. ಅಂಥ 40 ಸೇರಿದರೆ ಎಕರೆ. ಗುಂಟೆಯಲ್ಲಿ ಹದಿನಾರನೇ ಒಂದು ಪಾಲಿಗೂ ಆಣೆ ಅಂತಲೇ ಹೆಸರು, ಅಂದರೆ ಸುಮಾರು 68 ಚದರ ಅಡಿ. ಒಂದು ಮಂಚ ಹಾಕಿ ಪಕ್ಕದಲ್ಲಿ ಚಪ್ಪಲಿ ಬಿಡಬಹುದು. ಅಷ್ಟು ಜಾಗಕ್ಕೆ ಮಾತು ಬಿಟ್ಟ ಅಣ್ಣತಮ್ಮಂದಿರು ನಮ್ಮೂರಲ್ಲಿ ಬೇಕಾದಷ್ಟಿದ್ದಾರೆ. ನಮ್ಮ ನಂಬರಿನ ಟಿಪ್ಪಣಿಯಲ್ಲಿ ಕಾಗದದ ಮಡಿಕೆ ಸರಿಯಾಗಿ ಜಗಳದ ಗೆರೆ ಮೇಲೇ ಹಾದುಹೋಗಿತ್ತು. ಅಲ್ಲಿದ್ದ ಅಂಕಿ ಆರೋ ಒಂಬತ್ತೋ ಅಂತ ಅಣ್ಣ ಮತ್ತು ನಾನು ತಲೆಗೆ ತಲೆ ತಾಗಿಸಿ ನೋಡಿದೆವು. ನನಗೆ ಒಂಬತ್ತು ಕಂಡಿತು. ಅವನಿಗೆ ಆರು. ಸರ್ವೆಯರ್ ಅದನ್ನು ನಮ್ಮ ಕೈಯಿಂದ ಕಿತ್ತುಕೊಂಡರು.

ಅಳೆಯೋಕೆ ಮೊದಲು ಬಾಂದು ಕಲ್ಲು ಸಿಗಬೇಕು. ಟಿಪ್ಪಣಿಯಲ್ಲಿ ಇರುವ ಮೂಲೆಯಲ್ಲಿ ಕಲ್ಲಿಲ್ಲ. ಅಗೆದರು, ಬೇರು ಸಿಕ್ಕಿತು. ಊರಿನ ಹಿರಿಯರೊಬ್ಬರು ಬೀಡಿ ಹಚ್ಚಿ, "ಅದಾ, ಬೋರ್‌ವೆಲ್ ತಾವ ಅದಲ್ಲ" ಅಂದರು, ನೆಂಟರ ಮನೆ ತೋರಿಸುವಷ್ಟು ಸಲೀಸಾಗಿ. ಹೋಗಿ ನೋಡಿದರೆ ನೆಲದ ಮೇಲೆ ಅಡ್ಡ ಮಲಗಿಸಿದ್ದಾರೆ. ಬಟ್ಟೆ ಒಗೆದು ಒಗೆದು ಮೇಲ್ಮೈ ನುಣ್ಣಗಾಗಿದೆ. ಒಂದು ತುದಿಯಲ್ಲಿ ಉಳಿಯಿಂದ ಕೊರೆದ ಗುರುತು, ಅದರ ಸಂದಿಯಲ್ಲಿ ನೀಲಿ ಸೋಪಿನ ಚೂರು. ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಸೊಂಟದ ಮೇಲೆ ಕೈಯಿಟ್ಟು ಬಂದರು. "ನಮ್ಮತ್ತೆ ಕಾಲದಿಂದ ಇದ್ರ ಮ್ಯಾಲೇ ಒಗೀತಿವ್ನಿ ಸಾಮಿ. ಈಗ ಗೋರ್ಮೆಂಟ್‌ದು ಅಂದ್ರೆ?" ಗಡಿಗುರುತನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ಜಮೀನುದಾರರ ಜವಾಬ್ದಾರಿ ಅಂತ ಭೂಕಂದಾಯ ಕಾಯ್ದೆ ಹೇಳುತ್ತದೆ. ದಿನಾ ತೊಳೆದು ಇಷ್ಟು ಚೊಕ್ಕವಾಗಿ ಇಟ್ಟುಕೊಂಡವರು ಈ ಜಿಲ್ಲೆಯಲ್ಲಿ ಇನ್ಯಾರೂ ಇರಲಾರರು.

ಜಾಗ ಬಿಟ್ಟ ಕಲ್ಲಿಂದ ಉಪಯೋಗ ಇಲ್ಲ. ಅದಕ್ಕೇ ದೂರದಲ್ಲಿ, ಕದಲದೆ ಉಳಿದಿದ್ದ ಬೇರೆ ಕಲ್ಲುಗಳಿಂದ ಅಳೆಯುತ್ತಾ ಬಂದರು. ದಾರಿಯುದ್ದಕ್ಕೂ ಯಾರದೋ ರಾಗಿ ಹೊಲ, ಯಾರದೋ ಬಾಳೆ. ಆ ಮಾಲೀಕರೆಲ್ಲ ತಂತಮ್ಮ ಬದಿನ ಮೇಲೆ ಕಾವಲು ನಿಂತಿದ್ದರು. ನಾನು ಎಳನೀರು ಕೆಚ್ಚಿಸಿದೆ. ಅಣ್ಣನೂ ಕೆಚ್ಚಿಸಿದ, ವಿವಾದದ ಮರದ್ದೇ. ಸರ್ವೆಯರ್ ಎರಡನ್ನೂ ಮುಟ್ಟದೆ ಬ್ಯಾಗಿನಿಂದ ಬಾಟಲಿ ತೆಗೆದು ನೀರು ಕುಡಿದರು. ಅವರ ಮೇಲೆ ನನಗೆ ಗೌರವ ಬಂದಿದ್ದು ಆಗಲೇ.

ಕೊನೆಗೆ ಗೂಟ ಹೊಡೆದಾಗ ಗೊತ್ತಾಗಿದ್ದು ಇಷ್ಟು. ಮೇಲಿನ ತುದಿಯಲ್ಲಿ ಬದು ನಮ್ಮ ಕಡೆಗೆ ಬಂದಿದೆ. ನಾಲೆ ಕಡೆ ತುದಿಯಲ್ಲಿ ಅವರ ಕಡೆಗೆ ಹೋಗಿದೆ. ಕಳೆದು ಕೂಡಿದರೆ ಯಾರಿಗೂ ಮಂಚ ಹಾಕುವಷ್ಟು ಲಾಭವಿಲ್ಲ. ತೆಂಗಿನಮರ ಮಾತ್ರ ನಮ್ಮದಾಯಿತು, ಅವ್ವ ಗೆದ್ದಳು. ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಪಡುವಣ ಕಡೆ ಸರ್ವೆಯರ್ ಗ್ರಾಮ ನಕ್ಷೆ ಬಿಚ್ಚಿ, "ಇಲ್ಲೊಂದು ನಕಾಶೆ ಕಂಡ ದಾರಿ ಇದೆಯಲ್ಲ, ಎಲ್ಲಿ?" ಅಂದರು. ಸರ್ಕಾರಿ ದಾರಿ, ಬ ಖರಾಬು, ಅಂದರೆ ಸಾರ್ವಜನಿಕರ ಬಳಕೆಗೆ ಬಿಟ್ಟ ಜಾಗ. ಅದರಲ್ಲಿ ಅರ್ಧ ಅಣ್ಣನ ಕಬ್ಬಿನ ಕೂಳೆ, ಅರ್ಧ ನಮ್ಮ ಬದನೆ ಗಿಡ. ಬೆಳಗ್ಗಿಂದ ಮುಖ ಮುಖ ನೋಡದಿದ್ದ ನಾವಿಬ್ಬರೂ ಒಂದೇ ಉಸಿರಿಗೆ, "ಅಲ್ಲಿ ಯಾರೂ ಓಡಾಡಲ್ಲ ಸಾರ್" ಅಂದೆವು. ಅವರು ಏನೂ ಅನ್ನಲಿಲ್ಲ. ನಕ್ಷೆಯಲ್ಲಿ ಬರೆದುಕೊಂಡರು.

ಒತ್ತುವರಿ ಬಿಡಿಸಿಕೊಡಿ ಅಂತ ಅವ್ವ ಹಟ ಹಿಡಿದಳು. "ನಾನು ಗುರುತು ತೋರಿಸಬಹುದು ಅಮ್ಮ, ಬಿಡಿಸೋದು ನನ್ನ ಕೆಲಸ ಅಲ್ಲ. ಒಪ್ಪಿದರೆ ಕಲ್ಲು ನೆಡಿ. ಒಪ್ಪದಿದ್ದರೆ ಅಪೀಲು, ಆಮೇಲೆ ಸಿವಿಲ್ ಕೋರ್ಟು" ಅಂದರು. ಕೋರ್ಟು ಅಂದ ಕೂಡಲೇ ಎರಡೂ ಕಡೆ ತಣ್ಣಗಾಯಿತು. "ಅಲ್ಲಿಗೋದ್ರೆ ಮರ ಲಾಯರ್‌ದು, ಕಾಯಿನೂ ಲಾಯರ್‌ದು" ಅಂದಳು ಅವ್ವ. ಮಹಜರಿಗೆ ಎಲ್ಲರೂ ಸಹಿ ಹಾಕಿದರು. ಮೂಲೆಗೆ ಹೊಸ ಕಲ್ಲು ನೆಟ್ಟೆವು. ಹಳೇದನ್ನು ಅತ್ತಿಗೆ ಬಿಟ್ಟುಕೊಡಲಿಲ್ಲ.

ಅಳತೆಯ ರುಚಿ ಹತ್ತಿದ ಅಣ್ಣ ಈಗ ಮೂಡಲ ಕಡೆ ಗಡಿಗೂ ಹದ್ದುಬಸ್ತು ಹಾಕಿದ್ದಾನೆ. ಬಾಜುದಾರ ಅಂತ ನನಗೂ ನೋಟಿಸ್ ಬಂದಿದೆ. ಬರುತ್ತೀನಿ ಅಂತ ಫೋನ್ ಮಾಡಿದರೆ, "ಅವಸರ ಇಲ್ಲ ಕಣಪ್ಪ, ಅವ್ರ ಕಬ್ಬು ಇನ್ನೂ ಮೊಣಕಾಲುದ್ದ ಅದೆ" ಅಂದ.