ಗಮನಕ್ಕೆ ತರಲಾಗಿದೆ

ದೀಪಾವಳಿಗೆ ನಾಲ್ಕು ದಿನ ಇರುವಾಗ ಪೇಪರಿನ ಮಡಿಕೆಯಿಂದ ಅದು ಜಾರಿ ಅಂಗಳಕ್ಕೆ ಬಿತ್ತು. ನಾಲ್ಕು ಪುಟ, ಬಣ್ಣದ್ದು, ಹೊಳೆಯುವ ಕಾಗದ. ನಮ್ಮ ವಾರ್ಡಿನ ಪಂಚಾಯ್ತಿ ಸದಸ್ಯರು ಐದು ವರ್ಷದ ಸಾಧನೆಯನ್ನು ಮತದಾರ ಬಾಂಧವರ ಮುಂದೆ ಇಟ್ಟಿದ್ದಾರೆ. ನಿಮ್ಮ ಮನೆಗೂ ಒಂದು ಬಂದಿರುತ್ತದೆ. ಫೋಟೋ ಬೇರೆ ಇರಬಹುದು, ಒಳಗಿನ ಸಾಲು ಅವೇ. ತಾಲ್ಲೂಕಿಗೆಲ್ಲ ಒಂದೇ ಡಿಟಿಪಿ ಅಂಗಡಿ ಅಲ್ವಾ?

ಇವರು ಗೆದ್ದದ್ದು 2020ರ ಡಿಸೆಂಬರಿನಲ್ಲಿ. ಚಿಹ್ನೆ ಹೊಲಿಗೆ ಯಂತ್ರ. ಪಂಚಾಯ್ತಿ ಚುನಾವಣೆಗೆ ಪಕ್ಷ ಇಲ್ಲ ಅನ್ನೋದು ಕಾಗದದ ಮೇಲಿನ ಮಾತು, ಯಾರು ಯಾವ ಕಡೆ ಅಂತ ನಮ್ಮನೆ ನಾಯಿಗೂ ಗೊತ್ತು. ಊರಲ್ಲಿ ಹರಿದದ್ದನ್ನೆಲ್ಲ ಹೊಲಿದು ಕೊಡುತ್ತೇನೆ ಅಂತ ಆಗ ಭಾಷಣ ಮಾಡಿದ್ದರು. ಐದು ವರ್ಷ ಮುಗಿಯುತ್ತಾ ಬಂತು. ಇನ್ನೂ ಸೂಜಿಗೆ ದಾರ ಪೋಣಿಸುತ್ತಿದ್ದಾರೆ.

ಮೊದಲ ಪುಟದಲ್ಲಿ ಗುದ್ದಲಿ ಪೂಜೆಯ ಫೋಟೋ. ನಾನು ಕನ್ನಡಕ ಹಾಕಿಕೊಂಡು ಎಣಿಸಿದೆ. ಗುದ್ದಲಿ ಒಂದು, ಹಿಡಿದ ಕೈ ಹನ್ನೊಂದು. ಗುದ್ದಲಿಗೆ ಕುಂಕುಮ, ಸೇವಂತಿಗೆ ಹಾರ. ಕಾವಿನ ಮೇಲೆ ಅಂಗಡಿಯ ಬೆಲೆ ಚೀಟಿ ಹಾಗೇ ಅಂಟಿಕೊಂಡಿದೆ. ಯಾರ ಸೊಂಟವೂ ಬಗ್ಗಿಲ್ಲ, ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ. ನಿಜವಾಗಿ ಅಗೆಯಬೇಕಾದವನು ಹಿಂದೆ ತಲೆಗೆ ಟವೆಲ್ ಸುತ್ತಿಕೊಂಡು ನಿಂತಿದ್ದಾನೆ. ಅವನ ಅರ್ಧ ಮುಖ ಕಟ್ ಆಗಿದೆ.

ಒಳಗೆ ಬಂದರೆ ಸಾಧನೆಗಳು. ರಸ್ತೆ ದುರಸ್ತಿಗೆ ಅನುದಾನ ಕೋರಲಾಗಿದೆ. ಬೀದಿದೀಪದ ಸಮಸ್ಯೆ ಮೇಲಧಿಕಾರಿಗಳ ಗಮನಕ್ಕೆ ತರಲಾಗಿದೆ. ಅಡಿಕೆಯ ಎಲೆಚುಕ್ಕೆ ರೋಗದ ಬಗ್ಗೆ ಸರ್ಕಾರದ ಗಮನ ಸೆಳೆಯಲಾಗಿದೆ. ಉಳಿದದ್ದಕ್ಕೆಲ್ಲ ಸೂಕ್ತ ಕ್ರಮ ಕೈಗೊಳ್ಳಲಾಗುವುದು.

ಓದುತ್ತಾ ಓದುತ್ತಾ ನನಗೆ ಎಂಟನೇ ಕ್ಲಾಸಿನ ಕನ್ನಡ ಮೇಷ್ಟ್ರು ನೆನಪಾದರು. ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ ಅಂತ ಒಂದು ವಾರ ಜೀವ ತೆಗೆದಿದ್ದರು. ‘ರಾಮನು ಮರವನ್ನು ಕಡಿದನು’ ಅಂತ ಬೋರ್ಡಿನ ಮೇಲೆ ಬರೆದು, ಇದನ್ನು ಕರ್ಮಣಿಗೆ ತಿರುಗಿಸಿ ಅನ್ನೋರು. ‘ರಾಮನಿಂದ ಮರವು ಕಡಿಯಲ್ಪಟ್ಟಿತು.’ ಹೀಗೆ ಯಾರು ಸಾರ್ ಮಾತಾಡ್ತಾರೆ ಅಂತ ನಾನು ಕೇಳಿ ಬೆಂಚಿನ ಮೇಲೆ ನಿಂತಿದ್ದೆ. ನಮ್ಮಮ್ಮ ಯಾವತ್ತೂ ‘ದೋಸೆ ಹುಯ್ಯಲಾಗಿದೆ’ ಅಂದವರಲ್ಲ. ‘ದೋಸೆ ಹುಯ್ದಿದೀನಿ, ಬಾರೋ’ ಅಂತಲೇ ಕೂಗಿದ್ದು. ಈಗ ಅರ್ಥವಾಗುತ್ತಿದೆ. ಮಲೆನಾಡಿನಲ್ಲಿ ರಾಮನು ಮರವನ್ನು ಕಡಿದನು ಅಂತ ಬರೆದು ಕೊಟ್ಟರೆ ಫಾರೆಸ್ಟಿನವರು ಸಂಜೆಯೊಳಗೆ ರಾಮನ ಮೇಲೆ ಕೇಸು ಹಾಕುತ್ತಾರೆ. ‘ಮರ ಕಡಿಯಲಾಗಿದೆ’ ಅಂದರೆ ರಾಮ ಬಚಾವ್. ಮೇಷ್ಟ್ರು ನಮಗೆ ವ್ಯಾಕರಣ ಕಲಿಸಿದ್ದಲ್ಲ, ರಾಜಕೀಯ ಕಲಿಸಿದ್ದು. ನಾವು ದಡ್ಡರು, ಅಡಿಕೆ ಸುಲಿಯುತ್ತಾ ಉಳಿದೆವು.

ಫೋಟೋದಲ್ಲಿ ನೋಡಿದರೆ ಕರ್ತೃಗಳ ಜಾತ್ರೆ. ಕೆಳಗಿನ ವಾಕ್ಯದಲ್ಲಿ ಒಬ್ಬನೂ ಇಲ್ಲ. ಗುದ್ದಲಿ ಹಿಡಿಯಲು ಬಂದ ಹನ್ನೊಂದು ಕೈ ಕ್ರಿಯಾಪದ ಬರುವಷ್ಟರಲ್ಲಿ ಜೀಪು ಹತ್ತಿ ಹೋಗಿರುತ್ತವೆ.

ಎರಡನೇ ಪುಟದಲ್ಲಿ ನಲ್ಲಿ. ‘ಮನೆ ಮನೆಗೆ ಗಂಗೆ: ವಾರ್ಡಿನ ಎಲ್ಲ ಮನೆಗಳಿಗೂ ನಲ್ಲಿ ಸಂಪರ್ಕ ಕಲ್ಪಿಸಲಾಗಿದೆ.’ ಇದರಲ್ಲಿ ಒಂದಕ್ಷರ ಸುಳ್ಳಿಲ್ಲ, ಮೆಚ್ಚಬೇಕು. ನಲ್ಲಿ ಇದೆ. ಅಂಗಳದ ಮೂಲೆಯಲ್ಲಿ ಸಿಮೆಂಟಿನ ಗಿಡ್ಡ ಕಂಬ, ಅದಕ್ಕೊಂದು ನಂಬರು, ಅದರ ನೆತ್ತಿಯಲ್ಲಿ ನಲ್ಲಿ. ಪೈಪು ಹೂಳಲು ಜೆಸಿಬಿ ಬಂದು ರಸ್ತೆಯ ಅಂಚನ್ನು ಉದ್ದಕ್ಕೂ ಬಗೆದು ಹಾಕಿತು. ಟೆಸ್ಟಿಂಗ್ ದಿನ ನಲ್ಲಿ ನಾಲ್ಕು ಸಲ ಕೆಮ್ಮಿ ಕೆಂಪು ನೀರು ಉಗುಳಿತು. ಆಮೇಲೆ ಮೌನ ವ್ರತ. 2019ರಲ್ಲಿ ಈ ಜಲ ಜೀವನ್ ಯೋಜನೆ ಶುರುವಾದಾಗ 2024ಕ್ಕೆ ದೇಶದ ಹಳ್ಳಿಗಳಿಗೆಲ್ಲ ನಲ್ಲಿ ನೀರು ಅಂದಿದ್ದರು. ಈಗ ಗಡುವು 2028ಕ್ಕೆ ಹೋಗಿದೆ. ಲೆಕ್ಕ ತಲೆಗೆ ದಿನಕ್ಕೆ 55 ಲೀಟರ್. ನಮ್ಮನೆಯಲ್ಲಿ ಐದು ಜನ. ದಿನಾ 275 ಲೀಟರ್ ನಮ್ಮ ಹೆಸರಲ್ಲಿ ಎಲ್ಲೋ ಹರಿಯುತ್ತಿರಬೇಕು. ಯಾರ ಮನೆ ಸೇರುತ್ತಿದೆಯೋ, ಅವರಾದರೂ ಚೆನ್ನಾಗಿರಲಿ. ನಾವು ನಮ್ಮಜ್ಜನ ಕಾಲದ, ಗುಡ್ಡದಿಂದ ಇಳಿಯುವ ಅಬ್ಬಿ ನೀರಿಗೆ ಪೈಪು ಹಾಕಿಕೊಂಡು ಕುಡಿಯುತ್ತಿದ್ದೇವೆ. ಮಾರ್ಚ್ ಕಳೆದರೆ ಅದೂ ಸಣ್ಣಗಾಗುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಆಗುಂಬೆ ಇರುವ ಜಿಲ್ಲೆ ಇದು, ನೆನಪಿರಲಿ.

ಆ ಸಿಮೆಂಟ್ ಕಂಬ ದಂಡವಾಗಿಲ್ಲ. ನಮ್ಮನೆಯವಳು ಕರು ಕಟ್ಟುತ್ತಾಳೆ.

ಕೊನೇ ಪುಟದಲ್ಲಿ ‘ನಿಮ್ಮ ದೂರಿಗೆ ಇಲ್ಲಿ ಸ್ಕ್ಯಾನ್ ಮಾಡಿ’ ಅಂತ ಒಂದು ಕ್ಯೂಆರ್ ಕೋಡು. ಎಂಥ ಆಧುನಿಕತೆ! ನಮ್ಮೂರಲ್ಲಿ ಟವರ್ ಇದೆ, ಕರೆಂಟ್ ಹೋದರೆ ಅದೂ ಜೊತೆಯಲ್ಲೇ ಮಲಗುತ್ತದೆ. ಮಳೆಗಾಲದಲ್ಲಿ ಕರೆಂಟ್ ಇರೋದೇ ನೆಂಟರ ಹಾಗೆ. ಶರಾವತಿ ಹಿನ್ನೀರಿನ ಕಡೆಯವರು ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಅಂತ ಬೋರ್ಡು ಹಿಡಿದು ನಿಂತದ್ದು ಸುಮ್ನೆ ಅಲ್ಲ. ನಾವೂ ಕೊರೋನಾ ಕಾಲದಲ್ಲಿ ಮಕ್ಕಳನ್ನು ಗುಡ್ಡ ಹತ್ತಿಸಿ, ತಲೆ ಮೇಲೆ ಕೊಡೆ ಹಿಡಿದು ಪಾಠ ಕೇಳಿಸಿದವರೇ. ಈಗ ದೂರು ಕೊಡಲಿಕ್ಕೂ ಬ್ಯಾಣದ, ಅಂದರೆ ಹುಲ್ಲುಗುಡ್ಡದ ತುದಿಯ ನೇರಳೆ ಮರದ ಹತ್ತಿರ ಹೋಗಬೇಕು. ಮಗನ ಜೊತೆ ಹೋದೆ, ಏದುಸಿರು ಬಿಡುತ್ತಾ. ಅವನು ಸ್ಕ್ಯಾನ್ ಮಾಡಿದ. ಏನೋ ತಿರುಗಿತು, ತಿರುಗಿತು, ಕೊನೆಗೆ ತೆರೆಯಿತು.

“ಅಪ್ಪಾ, ಇದು ದೂರಿನದ್ದಲ್ಲ. ಅವರ ಹುಟ್ಟುಹಬ್ಬದ ವಿಡಿಯೋ.”

ಪಟಾಕಿ, ಕೇಕು, ಡ್ರೋನ್ ಶಾಟ್ ಎಲ್ಲಾ ಇತ್ತು. ನಾವಿಬ್ಬರೂ ಪೂರ್ತಿ ನೋಡಿದೆವು. ಅಷ್ಟು ದೂರ ಹತ್ತಿದ್ದೇವಲ್ಲ.

ಮಂಗಗಳ ವಿಷಯಕ್ಕೂ ಒಂದು ಸಾಲಿದೆ. ‘ಮಂಗಗಳ ಹಾವಳಿ ಕುರಿತು ಸಂಬಂಧಪಟ್ಟ ಇಲಾಖೆಯ ಗಮನ ಸೆಳೆಯಲಾಗಿದೆ.’ ಕೆಲವು ವರ್ಷಗಳ ಹಿಂದೆ ಹೊಸನಗರ ತಾಲ್ಲೂಕಿನ ಕಡೆ ಮಂಕಿ ಪಾರ್ಕ್ ಮಾಡುತ್ತೇವೆ ಅಂತ ಗದ್ದಲ ಎದ್ದಿತ್ತಲ್ಲ, ಆಗ ನಾವೆಲ್ಲ ಎಷ್ಟು ನಕ್ಕಿದ್ದೆವು. ನನಗಂತೂ ಅನುಮಾನ, ಮಂಗಗಳೂ ಒಂದು ಕರಪತ್ರ ಹೊರಡಿಸುತ್ತವೆ. ಅದರಲ್ಲಿ ಒಂದೂ ‘ಲಾಗಿದೆ’ ಇರುವುದಿಲ್ಲ. ‘ಕೆಳಗಿನಮನೆಯ ಬಾಳೆಗೊನೆ ತಿಂದೆವು. ಏಲಕ್ಕಿ ಕಿತ್ತೆವು. ಎಳನೀರು ಕುಡಿದು ಬುರುಡೆ ಹಂಚಿನ ಮೇಲೆ ಎಸೆದೆವು. ಒಡೆದ ಹಂಚು ಹದಿನಾರು.’ ಎಲ್ಲ ಕರ್ತರಿ ಪ್ರಯೋಗ, ಎಲ್ಲದಕ್ಕೂ ಸಾಕ್ಷಿ ಇದೆ. ಪೇಟೆಯಲ್ಲಿ ಹಿಡಿದ ಮಂಗಗಳನ್ನು ರಾತ್ರಿ ವ್ಯಾನಿನಲ್ಲಿ ತಂದು ನಮ್ಮ ಕಾಡಿಗೆ ಬಿಡುತ್ತಾರೆ ಅಂತ ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ನಿಜವಾದರೆ ಐದು ವರ್ಷದಲ್ಲಿ ಊರಿಗೆ ಹೊರಗಿನಿಂದ ಬಂದ ಅನುದಾನ ಅದೊಂದೇ.

ಆದರೆ ಮಂಗ ಅಂದಾಗ ನಮ್ಮ ಕಡೆಯವರ ನಗು ಅರ್ಧಕ್ಕೇ ನಿಲ್ಲುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಸಿಕ್ಕಿದ ಮಂಗನ ಕಾಯಿಲೆ ಇವತ್ತಿಗೂ ಬೇಸಿಗೆಗೆ ಮೊದಲೇ ಯಾರದಾದರೂ ಮನೆ ಬಾಗಿಲು ತಟ್ಟುತ್ತದೆ. ಕಾಡಿಗೆ ದರಗು, ಅಂದರೆ ಒಣ ಎಲೆ ತರಲು ಹೋದವರಿಗೆ ಅದನ್ನು ಹರಡುವ ಉಣುಗು ಕಚ್ಚಿದರೆ ಮನೆಯಲ್ಲಿ ಹತ್ತು ದಿನ ನಿದ್ದೆ ಇಲ್ಲ. ಉಣುಗು ಹತ್ತದಂತೆ ಮೈಗೆ ಹಚ್ಚಲು ಡೀಪಾ ಎಣ್ಣೆಯ ಬಾಟಲಿ ಕೊಡುತ್ತಾರೆ, ಅದೂ ಸಿಕ್ಕವರಿಗೆ ಸಿಕ್ಕಿತು. ನಾಲ್ಕು ಬಣ್ಣದ ಪುಟಗಳಲ್ಲಿ ಮಂಗನ ಕಾಯಿಲೆಗೆ ಒಂದು ಸಾಲಿಲ್ಲ. ಗುದ್ದಲಿಯ ಹಾರಕ್ಕೆ ಅರ್ಧ ಪುಟ ಇದೆ.

ಇನ್ನು ವಾರ್ಡ್ ಸಭೆ. ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆ ಆಗಬೇಕು. ನಮ್ಮಲ್ಲಿ ತಪ್ಪದೆ ಆಗುತ್ತದೆ, ರಿಜಿಸ್ಟರಿನಲ್ಲಿ. ಹುಡುಗನೊಬ್ಬ ಬೈಕಿನಲ್ಲಿ ಮನೆ ಮನೆಗೆ ಬಂದು ಸಹಿ ಹಾಕಿಸಿಕೊಂಡು ಹೋಗುತ್ತಾನೆ. ಸಭೆ ನಡೆಸಲಾಗಿದೆ. ಚರ್ಚಿಸಲಾಗಿದೆ. ಚಹಾ ಕುಡಿಯಲಾಗಿದೆ. ಆ ಚಹಾವನ್ನು ನಾವೇ ಮಾಡಿ ಕೊಟ್ಟಿರುತ್ತೇವೆ.

ಮೂರನೇ ಪುಟಕ್ಕೆ ಬೇಕೆಂದೇ ಕೊನೆಗೆ ಬಂದೆ. ‘ಕಾಲುಸಂಕದ ಜಾಗದಲ್ಲಿ ಶಾಶ್ವತ ಸೇತುವೆಗೆ ಪ್ರಸ್ತಾವನೆ ಸಲ್ಲಿಸಲಾಗಿದೆ.’ ಪಕ್ಕದಲ್ಲಿ ಶರಾವತಿ ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆಯ ದೊಡ್ಡ ಫೋಟೋ! ನಮ್ಮ ಹಳ್ಳ ಎಲ್ಲಿ, ಆ ಸೇತುವೆಯ ಅಂಬಾರಗೋಡ್ಲು ಎಲ್ಲಿ? ಕೇಳಿದರೆ ‘ಮಾದರಿಗೆ ಹಾಕಿದ್ದು’ ಅಂದರು. 2.44 ಕಿಲೋಮೀಟರ್ ಉದ್ದದ ಕೇಬಲ್ ಸೇತುವೆ ಅದು. 2025ರ ಜುಲೈ 14ರಂದು ಉದ್ಘಾಟನೆ ಆಯಿತು. ಯಾರನ್ನು ಕರೆದರು, ಯಾರನ್ನು ಸರಿಯಾಗಿ ಕರೆಯಲಿಲ್ಲ ಅಂತ ದೊಡ್ಡವರ ಜಗಳವನ್ನು ನೀವೂ ಟೀವಿಯಲ್ಲಿ ನೋಡಿದ್ದೀರಿ. ಜನ ಮಾತ್ರ ಯಾರ ಕರೆಯೋಲೆಗೂ ಕಾಯದೆ ದಾಟಿದರು. ಕಾಯದೆ ಇರ್ತಾರಾ? ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅವತ್ತಿನಿಂದ ಲಾಂಚಿಗೆ ಕಾದು ಕಾದು ಎರಡು ತಲೆಮಾರು ಮುದುಕಾಗಿತ್ತು. ಊರಿಗೆಲ್ಲ ಕರೆಂಟ್ ಕೊಡಲು ಮುಳುಗಿದವರು ಅವರು.

ನಮ್ಮದು ಅಂಥ ದೊಡ್ಡ ಕತೆಯಲ್ಲ. ಹದಿನೆಂಟು ಅಡಿ ಹಳ್ಳ. ಅಡಿಕೆ ಮರ ಸೀಳಿದ ದಬ್ಬೆ ಹಾಸಿ, ಬಿದಿರಿನ ಕೈಪಿಡಿ ಕಟ್ಟಿ ಸಂಕ ಮಾಡುತ್ತೇವೆ. ಆಗಸ್ಟ್ ಮಳೆಗೆ ಹೋಗುತ್ತದೆ. ಮತ್ತೆ ಮಾಡುತ್ತೇವೆ. ಮಲೆನಾಡಿನ ಇಂಥ ಸಂಕಗಳಿಗೇ ಅಂತ ‘ಶಾಲಾ ಸಂಪರ್ಕ ಸೇತು’ ಹೆಸರಿನಲ್ಲಿ ಒಂದು ಯೋಜನೆಯೂ ಬಂತು. ನಮ್ಮ ಹಳ್ಳದ ತನಕ ಬರಲು ಅದಕ್ಕೂ ಸಂಕ ಬೇಕಿತ್ತೇನೋ.

ಸೊಸೈಟಿ ಮುಂದೆ ಸದಸ್ಯರೇ ಸಿಕ್ಕಿದರು.

“ಪ್ರಸ್ತಾವನೆ ಎಲ್ಲಿಗೆ ಹೋಗಿದೆ ಮಾರಾಯ್ರೆ?”

“ಮೇಲೆ ಹೋಗಿದೆ.”

“ಮೇಲೆ ಅಂದ್ರೆ?”

ಅವರು ಮಾಡಿನ ಹಂಚು ನೋಡಿದರು. ನಾನೂ ನೋಡಿದೆ. ನಮ್ಮ ಕಡೆ ಮೇಲೆ ಹೋಗುವುದು ಅಂದರೆ ಬೇರೆ ಅರ್ಥ. ಹೋದವರು ಯಾರೂ ಸಹಿ ಹಾಕಿಸಿಕೊಂಡು ವಾಪಸ್ ಬಂದದ್ದಿಲ್ಲ.

ಈ ಆಗಸ್ಟಿನಲ್ಲಿ ಸಂಕ ಹೋದ ಮೂರನೇ ರಾತ್ರಿ ಕೆಳಗಿನಮನೆ ಅಜ್ಜಿಗೆ ಉಸಿರು ಕಟ್ಟಿತು. ಪ್ಲಾಸ್ಟಿಕ್ ಕುರ್ಚಿಗೆ ಎರಡು ಬಿದಿರು ಗಳ ಕಟ್ಟಿ, ಅಜ್ಜಿಯನ್ನು ಕಂಬಳಿಯಲ್ಲಿ ಸುತ್ತಿ ಕೂರಿಸಿ ನಾಲ್ಕು ಜನ ಹೊತ್ತೆವು. ಹಿಂದಿನ ಗಳ ನನ್ನ ಹೆಗಲ ಮೇಲೆ. ನೀರು ತೊಡೆಯವರೆಗೆ ಇತ್ತು. ಹಳ್ಳದ ನಡುವೆ ನನ್ನ ಎಡಗಾಲು ಜಾರಿತು. ಕುರ್ಚಿ ಒಂದು ಕಡೆ ವಾಲಿತು. ಅಜ್ಜಿ ಕೂಗಲಿಲ್ಲ, ಕೂಗುವಷ್ಟು ಉಸಿರು ಎಲ್ಲಿತ್ತು? ನನ್ನ ಕೂದಲು ಹಿಡಿದುಕೊಂಡರು. ಆಚೆ ರಸ್ತೆಯಲ್ಲಿ ಆಂಬ್ಯುಲೆನ್ಸಿನ ದೀಪ ಸುತ್ತುತ್ತಿತ್ತು, ಕಣ್ಣಿಗೆ ಕಾಣುವಷ್ಟು ಹತ್ತಿರ. ಅಜ್ಜಿ ಉಳಿದರು. ಈಗ ಜಗಲಿಯಲ್ಲಿ ಕೂತು ಕವಳ ಹಾಕಿಕೊಂಡು ನನಗೇ ಬೈಯುತ್ತಾರೆ, ಕಾಲು ಗಟ್ಟಿ ಊರಬಾರದಿತ್ತೇನೋ ಅಂತ.

ಐದು ವರ್ಷ. ಹದಿನೆಂಟು ಅಡಿ. ಈ ಮಾತಿಗೆ ಜೋಕು ಹೊಳೆಯುತ್ತಿಲ್ಲ. ದೊಡ್ಡ ಸೇತುವೆ ಯಾರೂ ಕೇಳಿಲ್ಲ. ಮಕ್ಕಳು ಶಾಲೆಗೆ, ಮುದುಕರು ಆಸ್ಪತ್ರೆಗೆ ಹೋಗುವಷ್ಟು ಸಿಮೆಂಟು ಕೇಳಿದ್ದು. ಎಷ್ಟು ಸಲ ಅರ್ಜಿ ಕೊಡೋದು? ಪ್ರತಿ ಮಳೆಗಾಲಕ್ಕೂ ಪೇಪರಿನಲ್ಲಿ ಇಂಥದೇ ಕುರ್ಚಿಯ ಫೋಟೋ ಬರುತ್ತದೆ. ಊರಿನ ಹೆಸರು ಮಾತ್ರ ಬೇರೆ. ಓದಿ ಮಡಚಿ ಇಡುತ್ತೇವೆ. ಸಾಕಾಗಿ ಹೋಗಿದೆ.

ನ್ಯಾಯ ಹೇಳಬೇಕಾದರೆ, ಆ ರಾತ್ರಿ ಟಾರ್ಚ್ ಹಿಡಿದು ಮುಂದೆ ನೀರಿಗಿಳಿದವರು ಇದೇ ಸದಸ್ಯರು. ಪಂಚೆ ಎತ್ತಿ ಕಟ್ಟಿ, “ಇಲ್ಲಿ ಕಲ್ಲಿದೆ, ಇಲ್ಲಿ ಗುಂಡಿ” ಅಂತ ಕೂಗುತ್ತಾ ದಾರಿ ತೋರಿಸಿದರು. ಅವರಿಗೆ ಬರುವ ಗೌರವಧನದಲ್ಲಿ ಬೈಕಿನ ಪೆಟ್ರೋಲಿಗೂ ಆಗುವುದಿಲ್ಲ, ಅದೂ ಗೊತ್ತು. ವಿಚಿತ್ರ ಏನೆಂದರೆ ಅವರೇ ಕೈಯಾರೆ ಮಾಡಿದ ಆ ಒಂದು ಕೆಲಸ ಕರಪತ್ರದಲ್ಲಿ ಇಲ್ಲ. ಫೋಟೋ ತೆಗೆಯುವವರು ಯಾರೂ ಇರಲಿಲ್ಲವಲ್ಲ. ಹುಟ್ಟುಹಬ್ಬದ ಡ್ರೋನಿಗೆ ಮಳೆ ಆಗುವುದಿಲ್ಲ.

ಇರಲಿ. ಕರಪತ್ರದ ಕಾಗದ ನೀರು ಹೀರುವುದಿಲ್ಲ, ಒಲೆಗೆ ಹಾಕಿದರೆ ವಾಸನೆ. ಅದರ ಬಿಳಿ ಅಂಚಿನಲ್ಲಿ ನಾನೂ ನಮ್ಮ ವಾರ್ಡಿನ ವರದಿ ಬರೆದು ಸೊಸೈಟಿ ಬಾಗಿಲಿಗೆ ಅಂಟಿಸಿದ್ದೇನೆ. ಅಡಿಕೆ ಕೊನೆ ಕೊಯ್ಲು ಹತ್ತಿರ ಬಂತು, ಸಂಕ ಬೇಕು. ಭಾನುವಾರ ಬೆಳಿಗ್ಗೆ ಎಂಟಕ್ಕೆ ಹಳ್ಳದ ಹತ್ತಿರ ಸೇರುತ್ತೇವೆ. ದಬ್ಬೆ ನಾಲ್ಕು ನಾನು ಕೊಡುತ್ತೇನೆ, ಎರಡು ಮೇಲಿನಮನೆಯವರು ತರುತ್ತಾರೆ. ಬಿದಿರು ಕಡಿದಾಗಿದೆ, ಯಾರು ಕಡಿದರು ಅಂತ ಬರೆಯುವುದಿಲ್ಲ. ಕಟ್ಟಲು ತಂತಿ ಸಾಲದು, ಇದ್ದವರು ತನ್ನಿ. ಸದಸ್ಯರು ಮೊಳೆ, ಸುತ್ತಿಗೆ ಹಿಡಿದು ಬರುತ್ತೇನೆ ಅಂದಿದ್ದಾರೆ. ಹಾರ ಬೇಡ ಅಂತ ಹೇಳಿದ್ದೇನೆ. ತಿಂಡಿ ನಮ್ಮನೇಲಿ, ಅವಲಕ್ಕಿ ಮೊಸರು. ನೀರು ಮಾತ್ರ ಅಬ್ಬಿಯದ್ದು.