ಏಲಂನಲ್ಲಿ ಕೂಗಿದ ಮಾತು

ನಮ್ಮ ಚರ್ಚಿನ ಕಳೆದ ಬೆಳೆ ಹಬ್ಬದಲ್ಲಿ, ಕಾಣಿಕೆಯಾಗಿ ಬಂದ ಫಸಲಿನ ಏಲಂನಲ್ಲಿ ಪಕ್ಕದಲ್ಲಿ ಕುಳಿತಿದ್ದ ಬಾವ ಹುರಿದುಂಬಿಸಿದರೆಂದು ಒಂದು ಮಂಗಳೂರು ಸೌತೆಕಾಯಿಗೆ ನಾನು 1,500 ರೂಪಾಯಿ ಕೂಗಿದೆ. ಸೌತೆಕಾಯಿ ಮರುದಿನವೇ ಸಾಂಬಾರಿನಲ್ಲಿ ಮುಗಿಯಿತು. ಹಣ ಮಾತ್ರ ಆರು ತಿಂಗಳು ಕಳೆದರೂ ಸಭೆಯ ಖಜಾಂಚಿಯವರ ಕೈ ಸೇರಲಿಲ್ಲ. ಭಾನುವಾರದ ಆರಾಧನೆ ಮುಗಿದ ಮೇಲೆ ಅವರು ಮೆಲ್ಲಗೆ ನೆನಪಿಸಿದಾಗ, "ಅದು ಆ ದಿನದ ಹುಮ್ಮಸ್ಸಿಗೆ ಕೂಗಿದ್ದು ಮಾರಾಯ್ರೇ" ಎಂದು ನಕ್ಕು ಬಂದೆ.

ಹರಕೆ ಹೊತ್ತು ತೀರಿಸದೆ ಇರುವುದಕ್ಕಿಂತ ಹೊರದೆ ಇರುವುದೇ ಮೇಲು ಎಂದು ಸತ್ಯವೇದದ (ಬೈಬಲಿನ) ಪ್ರಸಂಗಿ ಪುಸ್ತಕದ 5ನೇ ಅಧ್ಯಾಯ ಹೇಳುತ್ತದೆ. ಹೊತ್ತ ಮೇಲೆ ದೂತನ ಮುಂದೆ ನಿಂತು 'ಅದು ತಪ್ಪಿ ಆಡಿದ ಮಾತು' ಎನ್ನಬೇಡ ಎಂದೂ ಎಚ್ಚರಿಸುತ್ತದೆ. ಆ ದೂತನೆಂದರೆ ದೇವಾಲಯದ ಯಾಜಕನೇ ಇರಬೇಕೆಂದು ಕೆಲವು ವ್ಯಾಖ್ಯಾನಕಾರರ ಅಭಿಪ್ರಾಯ. ನನ್ನ ಪಾಲಿಗಂತೂ ಅವರು ಖಜಾಂಚಿಯವರೇ.

ವಾಗ್ದಾನ ಎಂದೊಡನೆ ನಮಗೆ ನೆನಪಾಗುವುದು ದೇವರು ನಮಗೆ ಕೊಟ್ಟ ಮಾತು. ಹೊಸ ವರ್ಷದ ಆರಾಧನೆಯಲ್ಲಿ ವಾಗ್ದಾನದ ವಚನವನ್ನು ಪಡೆದು ವರ್ಷವಿಡೀ ಸತ್ಯವೇದದೊಳಗೆ ಜೋಪಾನವಾಗಿ ಇಟ್ಟುಕೊಳ್ಳುವ ನಾವು, ನಾವೇ ಕೊಟ್ಟ ಮಾತುಗಳ ಲೆಕ್ಕವನ್ನು ಎಲ್ಲಿಯೂ ಇಡುವುದಿಲ್ಲ.

ಈ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವುದು ಯೆಹೋಶುವನ ಪುಸ್ತಕದ 9ನೇ ಅಧ್ಯಾಯ. ಕಾನಾನ್ ನಾಡನ್ನು ಗೆಲ್ಲುತ್ತಾ ಬರುತ್ತಿದ್ದ ಇಸ್ರಾಯೇಲ್ಯರಿಗೆ ಹೆದರಿ, ಅಲ್ಲಿನ ಗಿಬ್ಯೋನ್ ಊರಿನವರಾದ ಗಿಬ್ಯೋನ್ಯರು ಹರಿದ ಕೆರ ಮೆಟ್ಟಿ, ಬೂಷ್ಟು ಹಿಡಿದ ರೊಟ್ಟಿಯನ್ನು ತೋರಿಸಿ, ತಾವು ಬಹು ದೂರದ ನಾಡಿನವರೆಂದು ನಂಬಿಸಿ ಇಸ್ರಾಯೇಲ್ಯರೊಡನೆ ಒಡಂಬಡಿಕೆ ಮಾಡಿಕೊಂಡರು. ಮೂರು ದಿನಗಳಲ್ಲೇ ಮೋಸ ಬಯಲಾಯಿತು. ಅವರು ನೆರೆಯವರೇ ಆಗಿದ್ದರು. ಮಾತನ್ನು ಹಿಂತೆಗೆದುಕೊಳ್ಳಲು ಇದಕ್ಕಿಂತ ಒಳ್ಳೆಯ ಕಾರಣ ಬೇಕೇ? ಜನರು ಗುಣುಗುಟ್ಟಿದರು, ಆದರೂ ಮುಖಂಡರು ದೇವರ ಹೆಸರಿನಲ್ಲಿ ಪ್ರಮಾಣ ಮಾಡಿದ್ದೇವೆಂದು ಅವರ ಮೇಲೆ ಕೈ ಎತ್ತಲಿಲ್ಲ. ಮರ ಕಡಿಯುವ, ನೀರು ಹೊರುವ ಕೆಲಸಕ್ಕೆ ಅವರನ್ನು ಇಟ್ಟುಕೊಂಡರು ಎಂಬುದು ನಿಜ. ಆದರೆ ಐವರು ಅರಸರು ಗಿಬ್ಯೋನಿಗೆ ಮುತ್ತಿಗೆ ಹಾಕಿದಾಗ ಇಸ್ರಾಯೇಲ್ಯರ ನಾಯಕ ಯೆಹೋಶುವನು ತನ್ನ ಪಾಳೆಯವಿದ್ದ ಗಿಲ್ಗಾಲಿನಿಂದ ರಾತ್ರಿಯಿಡೀ ನಡೆದು ಬಂದದ್ದು ಆ ಮೋಸಗಾರರನ್ನು ಉಳಿಸುವುದಕ್ಕೇ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ತಲೆಮಾರುಗಳ ನಂತರ ಇಸ್ರಾಯೇಲಿನ ಅರಸ ಸೌಲನು ಆ ಪ್ರಮಾಣವನ್ನು ಮೀರಿ ಗಿಬ್ಯೋನ್ಯರನ್ನು ಕೊಂದನೆಂಬ ಕಾರಣಕ್ಕೆ ಅವನ ನಂತರದ ಅರಸ ದಾವೀದನ ಕಾಲದಲ್ಲಿ ಮೂರು ವರ್ಷ ಬರಗಾಲ ಬಂದಿತೆಂದು 2 ಸಮುವೇಲ 21 ಹೇಳುತ್ತದೆ. ಅದಕ್ಕೆ ಸೌಲನ ವಂಶದ ಏಳು ಮಂದಿ ಬಲಿಯಾದದ್ದನ್ನು ಓದುವಾಗ ನನಗೆ ಇಂದಿಗೂ ಸಂಕಟವಾಗುತ್ತದೆ. ಅದೇ ಅಧ್ಯಾಯದಲ್ಲಿ, ಸೌಲನ ಮಗನೂ ತನ್ನ ಗೆಳೆಯನೂ ಆಗಿದ್ದ ಯೋನಾತಾನನಿಗೆ ಕೊಟ್ಟ ಮಾತಿಗಾಗಿ ದಾವೀದನು ಅವನ ಮಗ ಮೆಫೀಬೋಶೆತನನ್ನು ಮಾತ್ರ ಉಳಿಸುತ್ತಾನೆ.

ಹಾಗೆಂದು ಆಡಿದ ಮಾತೆಲ್ಲವನ್ನೂ ಕಣ್ಣುಮುಚ್ಚಿ ನಡೆಸಬೇಕೆಂದು ನಾನು ವಾದಿಸಲಾರೆ. ದುಡುಕಿ ಹರಕೆ ಹೊತ್ತು ಮಗಳನ್ನೇ ಕಳೆದುಕೊಂಡ ಇಸ್ರಾಯೇಲ್ಯರ ನಾಯಕ ಯೆಪ್ತಾಹನನ್ನು ಹೊಗಳುವ ಪ್ರಸಂಗ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಹರಕೆಗೆ ಒಪ್ಪಿಸಿದ ಮನುಷ್ಯರನ್ನು ಬೆಳ್ಳಿ ಕೊಟ್ಟು ಬಿಡಿಸಿಕೊಳ್ಳುವ ದಾರಿ ಯಾಜಕಕಾಂಡದ 27ನೇ ಅಧ್ಯಾಯದಲ್ಲಿಯೇ ಇದೆ.

'ದುಡ್ಡು ಬಿಡ ತಿಮ್ಮಪ್ಪ, ಮಾತು ಬಿಡ ಮಂಜುನಾಥ' ಎಂಬ ನಾಣ್ಣುಡಿ ಕೇಳಿ ಬೆಳೆದ ನಮ್ಮ ಊರಿನವರಿಗೆ ಆಣೆಯ ತೂಕ ಗೊತ್ತು. ಆದರೆ ಆಣೆಗೆ ತೂಕ ಬಂದಂತೆಲ್ಲ ಆಣೆಯಿಲ್ಲದ ಮಾತು ಹಗುರಾಗುತ್ತದೆ. ದೇವಾಲಯದ ಮೇಲಿಟ್ಟ ಆಣೆ ಲೆಕ್ಕಕ್ಕಿಲ್ಲ, ದೇವಾಲಯದ ಚಿನ್ನದ ಮೇಲಿಟ್ಟರೆ ಮಾತ್ರ ನಡೆಸಬೇಕು ಎನ್ನುತ್ತಿದ್ದವರನ್ನು ಯೇಸು ಕುರುಡರೆಂದು ಕರೆದದ್ದು ಮತ್ತಾಯನ ಸುವಾರ್ತೆಯ 23ನೇ ಅಧ್ಯಾಯದಲ್ಲಿದೆ. ಅವರೇ ಬೆಟ್ಟದ ಮೇಲೆ ಮಾಡಿದ ಪರ್ವತ ಪ್ರಸಂಗದಲ್ಲಿ ಆಣೆಯೇ ಬೇಡ, ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂದದ್ದರ ಅರ್ಥ ನನಗೆ ಇದರಿಂದ ತಿಳಿಯಿತು. ಆಣೆ ಇಟ್ಟಿಲ್ಲ, ಬರೆದುಕೊಟ್ಟಿಲ್ಲ, ಬರೀ ಕೂಗಿದ್ದು ಎಂಬ ನನ್ನ ಲೆಕ್ಕಾಚಾರವೂ ಆ ಚಿನ್ನದ ಜಾತಿಯದ್ದೇ.

ಮೋಸ ಹೋದವರೇ ಮಾತು ಉಳಿಸಿಕೊಂಡಿರುವಾಗ ಹುಮ್ಮಸ್ಸಿನ ನೆಪ ಎಲ್ಲಿ ನಿಂತೀತು? ಕಳೆದ ಭಾನುವಾರ ಹಣ ಕೊಟ್ಟೆ. ಖಜಾಂಚಿಯವರು ಏನೂ ಹೇಳದೆ 'ಬೆಳೆ ಹಬ್ಬ, ಸೌತೆಕಾಯಿ 1' ಎಂದು ರಶೀದಿ ಬರೆದು, ಬಾಕಿದಾರರ ಪಟ್ಟಿಯಲ್ಲಿ ನನ್ನ ಹೆಸರಿಗೆ ಗೀಟು ಎಳೆದರು. ಅದರ ಕೆಳಗೇ ಬಾವನ ಹೆಸರಿತ್ತು.